ನಾನು ಕಣ್ಣು ಬರೆದ ಬಾತುಗಳು

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಹಿರಿಯರೊಬ್ಬರ ಬಳಿ ಹೋಗಿ, ಉಳಿ ಹಿಡಿಯಲು ಕಲಿಸಿ ಎಂದು ಗಂಟುಬಿದ್ದೆ. ಗಂಧ ಮುಟ್ಟಲು ಬಿಡಲಿಲ್ಲ, ಶಿವನೆ ಮರದ ತುಂಡು ಕೊಟ್ಟರು. ಎಲ್ಲರೂ ಗಣಪತಿ ಕೆತ್ತಲಿ, ನಾನು ಬಾತು ಕೆತ್ತುತ್ತೇನೆ ಎಂದು ಹಟ ಹಿಡಿದೆ. ಮೊದಲನೆಯದು ಬದನೆಕಾಯಿಯಂತಾಯಿತು. ಎರಡನೆಯದರ ಕೊಕ್ಕು ಮುರಿದು ನನ್ನ ಹೆಬ್ಬೆರಳೂ ಸೀಳಿತು. ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ನೋಡುವಂಥ ನಾಲ್ಕು ಬಾತುಗಳಾದವು. ಗುರುಗಳು ಅವನ್ನು ತಿರುಗಿಸಿ ನೋಡಿ ಕೆಳಗಿಟ್ಟರು, ಅಷ್ಟೇ. ಹೊಗಳುವ ಅಭ್ಯಾಸ ಅವರಿಗಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟುಪಾಡಿದೆ. ಆನೆಯಾಗಲಿ, ಗಿಳಿಯಾಗಲಿ, ಯಾರ ಮನೆಗೆ ಯಾವ ಕೆಲಸಕ್ಕೆ ಹೋಗುತ್ತದೆಂದು ತಿಳಿಯುವ ತನಕ ಕಣ್ಣು ಬಿಡಿಸುವುದಿಲ್ಲ. ಅಂಗಡಿಯ ಕಪಾಟಿನ ತುಂಬ ಕಣ್ಣಿಲ್ಲದ ಪ್ರಾಣಿಗಳು. ಅಲ್ಲಿ ಕೂತು ಕೆಲಸ ಮಾಡುವಾಗ ನನಗೆ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು.

"ಯಾರಿಗಮ್ಮ ಇವು?" ಎಂದು ಗುರುಗಳು ಕೇಳಿದರು.

"ನಮ್ಮನೆ ಶೋಕೇಸಿಗೆ" ಅಂದೆ.

ಸುಳ್ಳು. ಹಿನ್ನೀರಿನ ದಂಡೆಯ ಊರಲ್ಲಿರುವ ನನ್ನ ಮೈದುನ ಅವನ್ನು ಕೇಳಿದ್ದ. "ಅತ್ತಿಗೆ, ನಾಲ್ಕೂ ಕೊಡಿ, ನೀರಲ್ಲಿ ತೇಲ್ತವಾ ನೋಡಣ" ಎಂದಿದ್ದ. ಅವನ ಮನೆಯಲ್ಲಿ ಕೋವಿ ಇದೆ, ಹಂದಿ ಓಡಿಸಲು ಎನ್ನುತ್ತಾನೆ. ಚಳಿಗಾಲದಲ್ಲಿ ಆ ನೀರಿಗೆ ಶಿಳ್ಳೆಬಾತುಗಳ ಹಿಂಡು ಇಳಿಯುವುದೂ ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಆದರೆ ನಾನು ಮಾಡಿದ್ದನ್ನು ಬೇಕು ಎಂದವನು ಅವನೊಬ್ಬನೇ. ಆ ಹಿಗ್ಗಿನಲ್ಲಿ ಯಾಕೆಂದು ಕೇಳಲಿಲ್ಲ.

ಗುರುಗಳು ನನ್ನ ಮುಖ ನೋಡಿದರು. "ಹಂಗಾದ್ರೆ ಕಣ್ಣು ನೀವೇ ಬರ್ಕೊಳಿ" ಎಂದು ಕುಂಚವನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಬರೆದೆ.

ಭಾನುವಾರ ಬೆಳಿಗ್ಗೆ ಮೈದುನನ ಜೊತೆ ಹಿನ್ನೀರಿಗೆ ಹೋದೆ. ಮಂಜು ಇನ್ನೂ ಸರಿದಿರಲಿಲ್ಲ. ಹೊಟ್ಟೆಗೆ ಸೀಸದ ಗುಂಡು ಕಟ್ಟಿದ್ದ ನನ್ನ ಬಾತುಗಳು ನೆಟ್ಟಗೆ ತೇಲಿದವು. ಅವನು ಪೊದೆಯ ಹಿಂದೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿದ. ಇನ್ನೊಂದು ಚೀಲದೊಳಗಿಂದ ಕೋವಿ ತೆಗೆದ.

"ಇದೆಂತದೋ?" ಎಂದೆ.

"ಉಸಿರು ಬಿಡ್ಬೇಡಿ ಅತ್ತಿಗೆ, ಸುಮ್ನೆ ಕೂತ್ಕಳಿ."

ಆಗಲೇ ಕೂಗಬಹುದಿತ್ತು. ಅಷ್ಟರಲ್ಲಿ ಮೇಲಿಂದ ಶಿಳ್ಳೆ ಕೇಳಿಸಿತು. ಏಳೆಂಟು ಹಕ್ಕಿಗಳು ಒಂದು ಸುತ್ತು ಹಾಕಿ, ನಾನು ಕೆತ್ತಿದವುಗಳ ನಡುವೆಯೇ ಇಳಿದವು. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆ ನನಗೆ ಸಂತೋಷವಾಯಿತು. ನಿಜವಾದ ಬಾತುಗಳೇ ನನ್ನ ಕೆಲಸವನ್ನು ಒಪ್ಪಿದವಲ್ಲ ಎಂದು ಬಾಯಿ ಮುಚ್ಚಿಕೊಂಡು ಕೂತೆ. ಕೋವಿ ಹಾರಿತು.

ಮೂರು ಅಲ್ಲೇ ಮಗುಚಿದವು. ಉಳಿದವು ಎದ್ದು ಹಾರಿದವು. ಒಂದು ಮಾತ್ರ ರೆಕ್ಕೆ ಎಳೆಯುತ್ತ ಈಜಿಕೊಂಡು ಹೋಗಿ, ನನ್ನದೊಂದು ಮರದ ಬಾತಿಗೆ ಒರಗಿ ನಿಂತಿತು. ಅದನ್ನು ಬಿಟ್ಟುಹೋಗಲಾರದೆ ಜೊತೆಯದು ಮೇಲೆ ಮತ್ತೆ ಸುತ್ತತೊಡಗಿತು. ಮೈದುನ ಇನ್ನೊಂದು ತೋಟಾ ತುಂಬುತ್ತಿದ್ದ.

ನಾನು ಎದ್ದೆ. ಸೆರಗು ಬೀಸುತ್ತ, ಚಪ್ಪಾಳೆ ತಟ್ಟುತ್ತ ಗಂಟಲು ಹರಿಯುವಂತೆ "ಹೋಗು, ಹೋಗು" ಎಂದು ಕೂಗಿದೆ. ಮೇಲೆ ಸುತ್ತುತ್ತಿದ್ದ ಹಕ್ಕಿ ಬೆದರಿ ದೂರ ಸರಿಯಿತು. ಬದುಕಿತು ಎಂದುಕೊಂಡೆ. ಆದರೆ ಕೆಳಗೆ ನನ್ನ ನಾಲ್ಕು ಬಾತುಗಳು ಹೆದರದೆ ಕೂತಿದ್ದವು. ಅವನ್ನು ನೋಡಿ ಧೈರ್ಯ ಬಂತೋ ಏನೋ, ಹಕ್ಕಿ ತಿರುಗಿ ಬಂದು ಅವುಗಳ ಪಕ್ಕಕ್ಕೇ ಇಳಿಯಿತು.