ನಲವತ್ತು ಮುದ್ದೆ ಮಿಷನ್ ಮತ್ತು ಹೆಂಡತಿಯ ಹಳೇ ಪಾತ್ರೆ

ನಿಮಗೂ ಹೀಗಾಗಿದೆಯಾ? ಕೈಯಾರೆ ಮಾಡಿದ ಒಂದೇ ಒಂದು ಸ್ಯಾಂಪಲ್ ಸೊಗಸಾಗಿ ಕೆಲಸ ಮಾಡುತ್ತದೆ. ಅದನ್ನೇ ನಲವತ್ತು ಮಾಡಿಸಿದರೆ ನಲವತ್ತೂ ಕೈಕೊಡುತ್ತವೆ.

ನನ್ನದು ರಾಗಿ ಮುದ್ದೆ ತಿರುವುವ ಮಿಷನ್. ಒಲೆಯ ಮೇಲೆ ಪಾತ್ರೆ, ಅದರ ಮೇಲೊಂದು ಮೋಟರ್, ಮೋಟರಿಗೆ ಕೋಲಿನ ಬದಲು ಸ್ಟೀಲ್ ರೆಕ್ಕೆ. ಫ್ಯಾಕ್ಟರಿ ಕೆಲಸ ಬಿಟ್ಟು ಮೊದಲನೆಯದನ್ನು ನಮ್ಮ ಅಡುಗೆಮನೆಯಲ್ಲೇ, ಹೆಂಡತಿಯ ಪಾತ್ರೆಗೇ ಕಟ್ಟಿದೆ. ಒಂದು ಗಂಟೂ ಇಲ್ಲದ ಮುದ್ದೆ ಬಂತು. ಯಲಹಂಕದಲ್ಲಿ ಹೋಟೆಲ್‌ಗಳಿಗೆ ಅಡುಗೆ ಸಾಮಾನು ಮಾರುವ ಅಂಗಡಿಯ ಯಜಮಾನರು ಬಂದು ಉಂಡು, "ನಲವತ್ತು ಮಾಡಿ ಸಾರ್, ನೋಡಿ ತಗೋತೀನಿ" ಎಂದರು. ಅವರನ್ನು ಬಿಟ್ಟರೆ ನನಗೆ ಬೇರೆ ಗಿರಾಕಿ ಇರಲಿಲ್ಲ. ವಾಪಸ್ ಹೋಗಲು ಕೆಲಸವೂ ಇರಲಿಲ್ಲ.

ಆ ಪಾತ್ರೆಯ ಅಳತೆಗೆ ಯಶವಂತಪುರದಲ್ಲಿ ಡೈ, ಅಂದರೆ ಅಚ್ಚು, ಮಾಡಿಸಿ ಹೊಸ ಪಾತ್ರೆ ಒತ್ತಿಸಿದೆ. ಕನ್ನಡಿಯಂಥ ಪಾತ್ರೆಗಳು. ಕೊಡಿಗೇಹಳ್ಳಿಯ ಬಾಡಿಗೆ ಶೆಡ್ಡಿನಲ್ಲಿ ನಲವತ್ತನ್ನೂ ಜೋಡಿಸಿ, ಅದರಲ್ಲೊಂದಕ್ಕೆ ಹಿಟ್ಟು ಹಾಕಿದೆ. ಇಡೀ ಹಿಟ್ಟು ರೆಕ್ಕೆಯ ಜೊತೆ ತಾನೂ ಸುತ್ತಿತು, ಬೆರೆಯಲೇ ಇಲ್ಲ. ಮುರಿದು ನೋಡಿದರೆ ಒಳಗೆ ಹಸಿ ಪುಡಿ. ಮೋಟರ್ ನಿಧಾನ ಮಾಡಿದೆ, ರೆಕ್ಕೆ ಬಗ್ಗಿಸಿದೆ, ಹಿಟ್ಟಿನ ಅಂಗಡಿ ಬದಲಾಯಿಸಿದೆ. ವಾರವಿಡೀ ಗಂಟು ಮುದ್ದೆ. ಬೀದಿ ಹಸುವೂ ಮೂಸಿ ಹೋಯಿತು. ಮನೆಯಿಂದ ತಂದು ಪಕ್ಕದಲ್ಲಿಟ್ಟಿದ್ದ ಹಳೇ ಮಿಷನ್ ಮಾತ್ರ ಬೆಣ್ಣೆಯಂತೆ ತಿರುವುತ್ತಿತ್ತು.

ಯಜಮಾನರು ಮಾಲು ನೋಡಲು ಬರುವ ಹಿಂದಿನ ದಿನ ಹೆಂಡತಿ ಊಟ ತಂದಳು. ಹಳೇ ಪಾತ್ರೆ ತೊಳೆಯುತ್ತಾ ಒಳಗೆ ಕೈಯಾಡಿಸಿದಳು.

"ರೀ, ಇದು ಮನೆ ಬದಲಾಯಿಸೋವಾಗ ಆಟೋದಿಂದ ಬಿದ್ದು ನೆಗ್ಗಿತ್ತಲ್ಲ, ಅದೇ ಪಾತ್ರೆ ಅಲ್ವಾ?"

"ಹೂಂ, ಅದಕ್ಕೇನೀಗ?"

"ಹೊಸದರಲ್ಲಿ ನೆಗ್ಗೇ ಇಲ್ಲವಲ್ರೀ. ಹಿಟ್ಟು ತಡೆಯೋದು ಯಾರು, ನಿಮ್ಮಪ್ಪನಾ?"

ನಾನೂ ಒಳಗೆ ಕೈಯಾಡಿಸಿ ನೋಡಿದೆ. ಸುತ್ತುವ ಹಿಟ್ಟು ಆ ನೆಗ್ಗಿಗೆ ಬಡಿದು ಮಗುಚಿಕೊಳ್ಳುತ್ತಿತ್ತು. ಅಳತೆ ತೆಗೆಯುವಾಗ ನಾನೇ ಅದನ್ನು ತಪ್ಪು ಎಂದು ಬಿಟ್ಟು, ನಕ್ಷೆಯಲ್ಲಿ ಗುಂಡಗೆ ಬರೆದಿದ್ದೆ.

ಹೊಸದೊಂದಕ್ಕೆ ಒಳಗೆ ಸ್ಟೀಲ್ ಪಟ್ಟಿ ಬೆಸುಗೆ ಹಾಕಿಸಿದೆ. ಸಂದಿಯಲ್ಲಿ ಹಿಟ್ಟು ಸಿಕ್ಕಿ ಸೀದುಹೋಯಿತು. ಕೊನೆಗೆ ಸುತ್ತಿಗೆ ಹಿಡಿದು ಮೂರು ಪಾತ್ರೆ ನೆಗ್ಗಿಸಿದೆ. ಒಂದರಲ್ಲಿ ಮುದ್ದೆ ಬಂತು, ಒಂದರಲ್ಲಿ ರೆಕ್ಕೆ ನೆಗ್ಗಿಗೆ ತಾಗಿ ಕೆರೆಯಿತು, ಇನ್ನೊಂದರಲ್ಲಿ ಮತ್ತೆ ಗಂಟು. ಅಲ್ಲಿಗೆ ಸುತ್ತಿಗೆ ಕೆಳಗಿಟ್ಟೆ.

ಮಾರನೇ ದಿನ ಯಜಮಾನರು ಸರಿಬಂದಿದ್ದ ಆ ಒಂದರ ಮುದ್ದೆ ಉಂಡರು, ಬಗ್ಗಿ ಪಾತ್ರೆ ನೋಡಿದರು.

"ಏನ್ ಸಾರ್, ಹೊಸ ಮಾಲು ಗುಜರಿ ಥರ ಐತೆ?"

"ಈ ನೆಗ್ಗು ಇದ್ರೇನೇ ಹಿಟ್ಟು ಬೆರೆಯೋದು ಅಣ್ಣ. ಡೈ ತಿದ್ದಿಸ್ತೀನಿ, ಎರಡು ತಿಂಗಳು ಕೊಡಿ."

"ನನ್ ಹೋಟೆಲ್‌ನೋರು ಎರಡು ತಿಂಗಳು ಹಿಟ್ಟು ಕಲಸ್ಕೊಂಡು ಕಾಯ್ತಾರಾ ಗುರುಗಳೇ?" ಅವರ ಕಣ್ಣು ಹಳೇ ಮಿಷನ್ ಮೇಲಿತ್ತು. "ಅದೊಂದು ಕೊಡಿ. ನಮ್ ಭಾವನ ಹೋಟೆಲ್‌ಗೆ ಆಯ್ತದೆ."

"ಅದು ನನ್ನ ಪಾತ್ರೆ," ಎಂದಳು ಬಡಿಸಲು ಬಂದಿದ್ದ ಹೆಂಡತಿ. "ಕೊಡಲ್ಲ."

ಯಜಮಾನರು ಕೈತೊಳೆದು ಹೊರಟರು. ಆಮೇಲೆ ಫೋನ್ ಎತ್ತಲಿಲ್ಲ.

ನಲವತ್ತು ಮಿಷನ್ ಶೆಡ್ಡಿನಲ್ಲೇ ಇವೆ. ಡೈ ತಿದ್ದಬೇಕಾದರೆ ಹಳೇ ಪಾತ್ರೆಯ ನೆಗ್ಗಿನ ಆಳ ಎಷ್ಟು, ಓರೆ ಎಷ್ಟು ಎಂದು ದಿನವೂ ಅಳೆಯುತ್ತೇನೆ. ದಿನವೂ ಬೇರೆ ಲೆಕ್ಕ ಬರುತ್ತದೆ. ಒಂದರಿಂದ ನಲವತ್ತಕ್ಕೆ ಹೋಗುವಾಗ ನೀವು ತಪ್ಪೆಂದು ತಿದ್ದಿ ಕಳೆದುಕೊಂಡದ್ದು ಏನು? ಕೆಳಗೆ ಬರೆಯಿರಿ. ವಾಪಸ್ ಹೇಗೆ ತಂದಿರಿ ಅನ್ನೋದನ್ನೂ ಬರೆಯಿರಿ, ನನಗೆ ಬೇಕಾಗಿದೆ.