ಷಡ್ಡಕನ ಕಿವಿ

ನನ್ನ ಷಡ್ಡಕನಿಗೆ ದೇವರು ಕೊಟ್ಟ ಆಸ್ತಿಯೆಲ್ಲ ಅವನ ತಲೆಯ ಎರಡು ಬದಿಗೆ ಅಂಟಿಕೊಂಡಿದೆ. ನೋಡಲು ಸಾಧಾರಣ ಕಿವಿಗಳೇ. ಎಡಗಿವಿ ಕೊಂಚ ಮುಂದಕ್ಕೆ ಬಾಗಿದೆ, ಅಷ್ಟೇ. ಆ ಕಿವಿಗಳನ್ನು ನೋಡಿ ಹನ್ನೊಂದು ವರ್ಷಗಳಿಂದ ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಕಸುಬು ಲಿಫ್ಟ್ ರಿಪೇರಿ. ಕೆಳಮಹಡಿಯಲ್ಲಿ ನಿಂತು ಬಾಗಿಲಿಗೆ ತಲೆಯೊರಗಿಸುತ್ತಾನೆ. ಲಿಫ್ಟು ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ, "ಮೂರನೇ ಮಹಡಿ ಬಾಗಿಲಿನ ಗಾಲಿ ಸವೆದಿದೆ" ಎನ್ನುತ್ತಾನೆ. ಬಿಚ್ಚಿ ನೋಡಿದರೆ ಸವೆದೇ ಇರುತ್ತದೆ, ದರಿದ್ರದ್ದು. ಸರಿಮಾಡಿದ ತಂತಿಗೆ ಬೆರಳಗಲ ಕೆಂಪು ಟೇಪು ಸುತ್ತಿ ಅದರ ಮೇಲೆ ತಾರೀಖು ಬರೆಯುವುದು ಅವನ ಅಭ್ಯಾಸ. ಯಾಕಯ್ಯಾ ಎಂದರೆ, "ಮುಂದೆ ಬರೋನು ತಡಕಾಡಬಾರದಲ್ವಾ ಭಾವ" ಎನ್ನುತ್ತಾನೆ. ಇಂಥ ಸಜ್ಜನನ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಕಷ್ಟವೆಂದು ಪಟ್ಟವರಿಗೇ ಗೊತ್ತು.

ನಮ್ಮಿಬ್ಬರಿಗೂ ಹಾಡು ಕೇಳುವ ಹುಚ್ಚು ಒಂದೇ. ಅವನ ಸ್ಪೀಕರು ಹಳೆಯ ಲಿಫ್ಟಿನಿಂದ ಕಿತ್ತ ಹಲಗೆಯಲ್ಲಿ ಅವನೇ ಮಾಡಿದ್ದು. ಒಂದರ ಮೇಲೆ "ಆರು ಜನರಿಗೆ ಮಾತ್ರ" ಎಂಬ ತಗಡು ಇನ್ನೂ ಇದೆ. ನನ್ನದೋ, ಸಾಮ್ರಾಜ್ಯ. ಒಂದು ಕಬ್ಬಿಣದ ಪೀಠ, ಅದರ ಮೇಲೆ ಇಬ್ಬರು ಸೇರಿ ಎತ್ತಬೇಕಾದ ಆಂಪ್ಲಿಫೈಯರು, ಅಕ್ಕಪಕ್ಕದಲ್ಲಿ ದ್ವಾರಪಾಲಕರಂತೆ ನನ್ನೆದೆಯೆತ್ತರದ ಎರಡು ಸ್ಪೀಕರು. ಅವಕ್ಕೆ ನೀಲಿ ದೀಪ ಹತ್ತಿದರೆ ನಾನು ವಿಮಾ ಕಚೇರಿಯ ಗುಮಾಸ್ತನೆಂಬುದು ನನಗೇ ಮರೆತುಹೋಗುತ್ತದೆ.

"ನೀವು ಹಾಡು ಕೇಳ್ತೀರೋ, ಡಬ್ಬ ಕೇಳ್ತೀರೋ?" ಎಂದು ಹೆಂಡತಿ ಆಗಾಗ ಕೇಳುವಳು.

"ಇದು ಸಾಧನೆ ಕಣೇ."

"ಹೌದೌದು. ತಿಂಗಳಿಗೊಂದು ರಟ್ಟಿನ ಪೆಟ್ಟಿಗೆ ಮನೆಗೆ ಬರೋ ಸಾಧನೆ."

ಮೂರು ವರ್ಷದ ಹಿಂದೆ ಈ ಸಾಮ್ರಾಜ್ಯ ಕಟ್ಟಿದ್ದು ಯಾರಿಗಾಗಿ? ಮಾವನಿಗಾಗಿ. ಮಾವ ನಮ್ಮ ಮನೆಯಲ್ಲೇ ಇರುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಯಂತ್ರ ತಗುಲಿಸಿಕೊಂಡು ಕುಳಿತವರು. ಆ ಕಡೆಯವನು ಬಾಯಿ ತೆರೆಯುವ ಮೊದಲೇ, ಉಸಿರೆಳೆದುಕೊಳ್ಳುವ ರೀತಿಯಲ್ಲೇ, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿತ್ತಂತೆ. ಇಂಥವರು ಆರು ದಿನ ನಮ್ಮ ಮನೆಯಲ್ಲಿ ಉಂಡು, ಭಾನುವಾರ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ಷಡ್ಡಕನ ಮನೆಗೆ ಹಾಡು ಕೇಳಲು ಹೊರಟುಬಿಡುತ್ತಿದ್ದರು. ಅಲ್ಲಿ ಇಬ್ಬರೂ ಕಣ್ಣು ಮುಚ್ಚಿ ಕೂರುವುದು, ಹಾಡುವಾಕೆ ಸಾಲಿನ ನಡುವೆ ಉಸಿರೆಳೆದಾಗ ಇಬ್ಬರ ತೋರುಬೆರಳೂ ಒಟ್ಟಿಗೆ ಮೇಲೇಳುವುದು. ಆಮೇಲೆ ಮಾವ, "ಏನೋ, ಕೇಳಿಸ್ತೇನೋ?" ಎನ್ನುವರು. ಅವನು ಮದುವೆಗೆ ಮುಂಚೆ ಎಕ್ಸ್‌ಚೇಂಜಿನ ಲಿಫ್ಟು ನೋಡಿಕೊಳ್ಳುತ್ತಿದ್ದವನು. ಅಂದಿನಿಂದಲೂ ಅವನಿಗೆ ಏಕವಚನ. ನನಗೆ ಮಾತ್ರ, "ಅಳಿಯಂದ್ರೇ, ತಮ್ಮದು ಸ್ನಾನ ಆಯ್ತಾ?"

ನನಗೆ ಬೇಕಿದ್ದದ್ದು ಆ 'ಏನೋ'. ಹೆಚ್ಚೇನಿಲ್ಲ.

ಮಾವನನ್ನು ನನ್ನ ಸ್ಪೀಕರುಗಳ ಮುಂದೆ ಕೂರಿಸದೆ ಬಿಟ್ಟೇನೇ? ಪ್ರತಿ ಸಲವೂ ಹತ್ತು ನಿಮಿಷ ಶಿಸ್ತಾಗಿ ಕುಳಿತು, "ಚೆನ್ನಾಗಿದೆ ಅಳಿಯಂದ್ರೇ, ಬಹಳ ಹೊಳೀತಿದೆ" ಎಂದು ಎದ್ದುಹೋಗುತ್ತಿದ್ದರು. ತಂತಿಯದೇ ದೋಷವೆಂದು ತೀರ್ಮಾನಿಸಿ, ಕಳೆದ ಚಳಿಗಾಲದಲ್ಲಿ ಸ್ಪೀಕರುಗಳಿಗೆ ಹೆಬ್ಬಾವಿನ ಗಾತ್ರದ ಹೊಸ ತಂತಿ ತರಿಸಿದೆ. ಹಳೆಯದು ಇದ್ದಂತೆಯೇ ಹೊಸದನ್ನು ಜೋಡಿಸಿ, ಭಾನುವಾರ ಷಡ್ಡಕನನ್ನೂ ಕರೆಸಿದೆ. ಸೋಲುವವನು ಎದುರಿಗೇ ಇರಬೇಕಲ್ಲ.

ಹಾಡು ಶುರುವಾಯಿತು. ಷಡ್ಡಕ ತಲೆ ವಾಲಿಸಿದ. ಆ ವಾಲಿಕೆ ನನಗೆ ಗೊತ್ತು: ಯಾವುದೋ ಮಹಡಿಯ ಗಾಲಿ ಸವೆದಿದೆ.

"ಹೇಗಿದೆಯಪ್ಪಾ?"

"ಬಹಳ ದೊಡ್ಡದಾಗಿದೆ ಭಾವ."

"ವಿಶಾಲತೆ! ಹಾಡು ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ, ನೋಡು."

"ಅದೇ, ಗೊತ್ತಾಗ್ತಿಲ್ಲ" ಎಂದ ಅವನು. "ಹಿಂದುಗಡೆ ಪ್ಲಗ್ ಯಾಕೋ ಅಲ್ಲಾಡ್ತಿದೆ. ನೀವು ಟೀ ತರೋಷ್ಟರಲ್ಲಿ ಬಿಗಿ ಮಾಡ್ಲಾ?"

ಟೀ ತಂದೆ. ಹಾಡು ಮತ್ತೆ ಹಚ್ಚಿದೆ. ಮಾವ ಲೋಟವನ್ನು ಕೆಳಗಿಟ್ಟು ನೆಟ್ಟಗೆ ಕುಳಿತರು. ಹತ್ತು ನಿಮಿಷ ಕಳೆದರೂ ಏಳಲಿಲ್ಲ. "ಈಗ ಬಂದ್ಲು ನೋಡಿ ಆಕೆ! ಇಲ್ಲೇ, ಈ ಕುರ್ಚಿ ಮುಂದೆ ನಿಂತು ಹಾಡ್ತಿದಾಳೆ" ಎಂದರು.

"ತಂತಿ ಮಾವ, ಎಲ್ಲ ಹೊಸ ತಂತಿ ಮಹಿಮೆ!" ಎಂದೆ. ಷಡ್ಡಕ ಟೀ ಕುಡಿಯುತ್ತಿದ್ದ.

ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಕಚೇರಿಯಲ್ಲಿ ಕಂಡವರಿಗೆಲ್ಲ ತಂತಿಯ ಪುರಾಣ ಹೇಳಿದೆ. ಮುಂದಿನ ಶನಿವಾರ ಸ್ಪೀಕರಿನ ಬೆನ್ನಿನ ದೂಳು ಒರೆಸುತ್ತಿದ್ದಾಗ ಕೈಗೆ ಅದು ತಗುಲಿತು. ಬೆರಳಗಲದ ಕೆಂಪು ಟೇಪು. ಮೇಲೆ ಭಾನುವಾರದ ತಾರೀಖು.

ಪ್ರತಿ ಸ್ಪೀಕರಿಗೂ ಎರಡು ಎಳೆ ಹೋಗುತ್ತದೆ. ಕೆಂಪು ಮೊಳೆಗೊಂದು, ಕಪ್ಪು ಮೊಳೆಗೊಂದು. ಎಡಗಡೆಯದರಲ್ಲಿ ಅವನ್ನು ನಾನು ಮೊದಲ ದಿನದಿಂದಲೇ ಅದಲುಬದಲು ಮಾಡಿದ್ದೆ, ಹೊಸ ತಂತಿಯಲ್ಲೂ ಅದೇ ತಪ್ಪು. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳಿದಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಹಾಡುವವಳಿಗೆ ನಿಲ್ಲಲು ಜಾಗವೇ ಇರಲಿಲ್ಲ. ಮೂರು ವರ್ಷ ನಾನು ವಿಶಾಲತೆ ಎಂದು ಕೊಂಡಾಡಿದ್ದು ಇದನ್ನು.

ಷಡ್ಡಕನಿಗೆ ಫೋನು ಮಾಡಿದೆ. "ಪ್ಲಗ್ ಬಿಗಿ ಮಾಡ್ತೀನಿ ಅಂತ ಏನಯ್ಯಾ ಮಾಡಿದೆ?"

"ಬಿಡಿ ಭಾವ. ಯಾರಿಗೂ ಹೇಳಿಲ್ಲ."

"ಹೇಳಿಬಿಟ್ಟಿದ್ರೆ ನಿನ್ನ ಬೈಯೋಕೆ ಅನುಕೂಲ ಆಗ್ತಿತ್ತಲ್ಲೋ!"

ಸುಮ್ಮನಿದ್ದರೆ ಕೀರ್ತಿ ನನ್ನದೇ. ಆದರೆ ಮರುದಿನ ಮಾವ ಅಂಗಿ ಇಸ್ತ್ರಿ ಮಾಡಿಸದೆ, ಮನೆಯಲ್ಲೇ ಕುರ್ಚಿ ಎಳೆದುಕೊಂಡು, "ಅಳಿಯಂದ್ರೇ, ತಮ್ಮ ತಂತಿ ಹಾಡು ಹಾಕ್ತೀರಾ?" ಎಂದರು. ಭಾನುವಾರ ಬಂದಿತ್ತು, 'ಏನೋ' ಬಂದಿರಲಿಲ್ಲ. ತಂತಿಯದು ಏನೂ ಇಲ್ಲ, ಎಲ್ಲ ಅವನ ಟೇಪಿನದು ಎಂದು ಒದರಿಬಿಟ್ಟೆ. ಒಳಗಿನಿಂದ ಹೆಂಡತಿ ನಕ್ಕಿದ್ದು ಎರಡು ಸ್ಪೀಕರಿಗಿಂತ ಜೋರಾಗಿ ಕೇಳಿಸಿತು.

"ನನಗೆ ಮೊದಲನೇ ದಿನವೇ ಅನ್ನಿಸಿತ್ತು" ಎಂದರು ಮಾವ. "ಆಕೆ ಗೋಡೆಯೊಳಗಿಂದ ಹಾಡ್ತಿದ್ಲು. ನಿಮಗೆ ಅದೇ ಇಷ್ಟವೇನೋ ಅಂತ ಸುಮ್ಮನಿದ್ದೆ. ನಿಮಗೆಲ್ಲ ಹೇಳೋಕಾಗುತ್ತಾ?"

ನೋಡಿ, ಮೂರು ವರ್ಷ ನನ್ನನ್ನು ಕಿವುಡನನ್ನಾಗಿ ಇಟ್ಟದ್ದು ಈ ಬಹುವಚನ. ಏಕವಚನದವನಾಗಿದ್ದರೆ ಅಂದೇ ಬೈಸಿಕೊಂಡು ಪಾರಾಗುತ್ತಿದ್ದೆ.

"ಬೈಯಿರಿ ಮಾವ" ಎಂದೆ.

ಅವರು ಬೈಯಲಿಲ್ಲ, ಕೇಳುವುದನ್ನು ಕಲಿಸಿದರು. ಆ ಮೇಲಿನ ಭಾನುವಾರಗಳಲ್ಲಿ ನಮ್ಮ ಮನೆಯಲ್ಲೇ ಮೂವರ ಸಭೆ. ಒಂದೇ ಹಾಡು, ಮತ್ತೆ ಮತ್ತೆ. ಅವರಿಬ್ಬರ ಬೆರಳು ಏಳುವುದು, ನನ್ನದು ಅದನ್ನು ಕದ್ದು ನೋಡಿ ಹಿಂದೆಯೇ ಏಳುವುದು. ತಿಂಗಳುಗಟ್ಟಲೆ ಹೀಗೆ ಕಾಪಿ ಹೊಡೆದೆ. ರಟ್ಟಿನ ಪೆಟ್ಟಿಗೆ ಬರುವುದು ನಿಂತಿತು. ನನಗೆ ಬೇಕಾದ ಸಾಮಾನು ಯಾವ ಅಂಗಡಿಯಲ್ಲೂ ಇರಲಿಲ್ಲ. ಈಗ ಯಾರಾದರೂ ಇದೆಲ್ಲ ಬರೀ ಕೊಳ್ಳುವ ಚಟ ಎಂದರೆ ನನಗೆ ಸಿಟ್ಟು ಬರುವುದಿಲ್ಲ. ನನ್ನ ಮಟ್ಟಿಗೆ ನಿಜವೇ. ಲಿಫ್ಟಿನ ಹಲಗೆಯ ಮುಂದೆ ಕುಳಿತವನ ಮಟ್ಟಿಗೆ ಸುಳ್ಳು, ಎಂಬುದೇ ನನ್ನ ಸಂಕಟ.

ಕಳೆದ ಭಾನುವಾರ ಕಣ್ಣು ಮುಚ್ಚಿದ್ದೆ. ಎರಡನೇ ಸಾಲು ಮುಗಿದು, ತಬಲದ ಪೆಟ್ಟಿನ ಸಂದಿಯಲ್ಲಿ, ಆಕೆ ಬಾಯಿ ತೆರೆದು ಉಸಿರೆಳೆದುಕೊಂಡಳು. ನನಗೆ ಎರಡು ಮೊಳ ದೂರದಲ್ಲಿ, ನಿಜವಾಗಿಯೂ. ನನ್ನ ಬೆರಳು ತಾನಾಗಿ ಎದ್ದಿತು. ಕಣ್ಣು ಬಿಟ್ಟರೆ ಬೇರೆ ಯಾವ ಬೆರಳೂ ಎದ್ದಿರಲಿಲ್ಲ. ಒಂದು ಕ್ಷಣದ ಮೇಲೆ ಮಾವನದು ಎದ್ದಿತು.

"ಏನೋ! ಕೇಳಿಸ್ತೇನೋ?" ಎಂದರು ಮಾವ, ನನ್ನ ಕಡೆ ತಿರುಗಿ. ನನ್ನ ಕಡೆಗೇ!

ಷಡ್ಡಕನ ಕೈ ಮಂಡಿಯ ಮೇಲೇ ಇತ್ತು. "ನನಗೆ ತಪ್ಪಿಹೋಯ್ತು ಭಾವ" ಎಂದ, ನಗುತ್ತ.

ತಪ್ಪಿಹೋಯಿತಂತೆ. ಮೂರನೇ ಮಹಡಿಯ ಗಾಲಿ ಕೇಳಿಸುವ ಕಿವಿಗೆ! ಬೇಕೆಂದೇ ಬಿಟ್ಟುಕೊಟ್ಟನೋ, ನಿಜವಾಗಿ ತಪ್ಪಿತೋ ತಿಳಿಯದೆ, ಅಂದಿನಿಂದ ನಾನು ಹೊಸದಾಗಿ ಉರಿಯುತ್ತಿದ್ದೇನೆ.