ಉಪ್ಪು ನೋಡುವ ಬೆಟ್ಟಮ್ಮ

ರಂಜಾನಿನಲ್ಲಿ ನಮ್ಮಮ್ಮಿ ಅವರೆಕಾಳು ಹಾಕಿ ಬಾಡಿನ ಸಾರು ಮಾಡಿದರೆ, ಉಪವಾಸದ ಬಾಯಲ್ಲಿ ಉಪ್ಪು ನೋಡುವಂತಿಲ್ಲ. ಅದಕ್ಕೇ ಪಕ್ಕದ ಮನೆಯ ಬೆಟ್ಟಮ್ಮ ಇರೋದು. ನಮ್ಮೂರು ಗಂಜಾಮಿನಲ್ಲಿ ಯಾರು ಕೂಗಿದರೂ ಕೇಳದ ಅವರ ಕಿವಿಗೆ ನಮ್ಮ ಸಾರು ಕುದಿಯುವುದು ಕೇಳುತ್ತದೆ. ಕಾಂಪೌಂಡಿನಾಚೆಯಿಂದ ಅಂಗೈ ಚಾಚುತ್ತಾರೆ. ಬರೀ ರಸ ಸಾಲದು. "ಕಾಳು ಬೆಂದದಾ ನೋಡ್ಬೇಕಲ್ವಾ ಅಕ್ಕ?" ಆಮೇಲೆ, "ಮೂಳೆಗೆ ಉಪ್ಪು ಹಿಡಿದದಾ?" ಮೂಳೆಯನ್ನೂ ಚೀಪಿ ಮುಗಿಸಿ ತೀರ್ಪು ಕೊಡುತ್ತಿದ್ದರು: "ಒಂದ್ ಚಿಟಿಕೆ ಕಮ್ಮಿ." ಹೋದ ವರ್ಷ ಜ್ವರ ಬಂದು ಎದ್ದಮೇಲೆ ಮಾತ್ರ ಏನು ಕೊಟ್ಟರೂ "ಸರ್ಯಾಗದೆ ಬುಡಕ್ಕ" ಅಂತಾರೆ. ಅಮ್ಮಿ ಉಪ್ಪು ಹಾಕೋದೇ ಮರೆತ ದಿನವೂ ಹಾಗೇ ಅಂದರು. ಅವರ ನಾಲಗೆಯ ರುಚಿ ಹೋಗಿದೆಯೆಂದು ಅವತ್ತು ನಮಗೆ ತಿಳಿಯಿತು. ಅಮ್ಮಿ ಈಗಲೂ ಮೊದಲ ಸೌಟನ್ನು ಅವರಿಗೇ ಕೊಡುತ್ತಾಳೆ; ಇಫ್ತಾರಿಗೆ ಕೂತಾಗ ಉಪ್ಪಿನ ಡಬ್ಬಿಯನ್ನು ಸುಮ್ಮನೆ ನಮ್ಮ ಕಡೆ ತಳ್ಳುತ್ತಾಳೆ.